ಊರಂಚಿನ ಸರ್ಕಾರಿ ಹೈಸ್ಕೂಲು: ಎಂಟನೇತ್ತೆಗೆ ಹೆಸರು ಹಚ್ಚುವ ಮೊದಲು

ಉಣಕಲ್, ಭೈರಿದೇವರಕೊಪ್ಪ, ಅಮರಗೋಳ, ನವನಗರ, ರಾಯಾಪುರ, ಸತ್ತೂರು, ಆಚೆ ಗದಗ ರಸ್ತೆ, ಕುಸುಗಲ್ ರಸ್ತೆ. ಹುಬ್ಬಳ್ಳಿ-ಧಾರವಾಡದ ಅಂಚಿನಲ್ಲಿ ಪ್ಲಾಟು ಹಿಡಿದು ಮನೆ ಕಟ್ಟಿಕೊಂಡವರು ಏಪ್ರಿಲ್-ಮೇ ಬಂತೆಂದರೆ ಒಂದೇ ಮಾತು ಕೇಳುತ್ತಾರೆ: ಏಳನೇತ್ತೆ ಮುಗಿಸಿದ ಮಗುವನ್ನು ಪಕ್ಕದ ಸರ್ಕಾರಿ ಹೈಸ್ಕೂಲಿಗೆ ಹಚ್ಚಬಹುದೇ, ಇಲ್ಲಾ ಸಾಲ ಮಾಡಿಯಾದರೂ ಖಾಸಗಿ ಶಾಲೆಗೇ ಕಳಿಸಬೇಕೇ? ಇಲ್ಲಿ ಯಾವ ಒಂದು ಶಾಲೆಯ ಹೆಸರನ್ನೂ ಹಿಡಿದು ಬರೆದಿಲ್ಲ. 8ರಿಂದ 10ನೇ ತರಗತಿವರೆಗಿನ ಮೂರು ವರ್ಷದ ಸರ್ಕಾರಿ ಸೇವೆಯಲ್ಲಿ ಏನು ಸಿಗುತ್ತದೆ, ಎಲ್ಲಿ ಕೈಕೊಡುತ್ತದೆ, ಯಾಕೆ ಕೈಕೊಡುತ್ತದೆ ಎಂಬುದನ್ನು ನೋಡೋಣ.

ಅಂಕ ಮೊದಲೇ ಕೊಟ್ಟುಬಿಡುತ್ತೇವೆ. ಗಣಿತಕ್ಕೆ ಕಾಯಂ ಶಿಕ್ಷಕರಿರುವ ಸರ್ಕಾರಿ ಹೈಸ್ಕೂಲಿಗೆ ಐದಕ್ಕೆ ನಾಲ್ಕು. ಆ ಹುದ್ದೆ ಖಾಲಿ ಬಿದ್ದಿದ್ದರೆ ಎರಡೂವರೆ. ಕಟ್ಟಡ, ಗೋಡೆಯ ಬಣ್ಣ, ಗೇಟಿನ ಕಮಾನು ಎಲ್ಲ ಆಮೇಲೆ.

ಕಾರಣ ಹುದ್ದೆಗಳ ಲೆಕ್ಕದಲ್ಲಿದೆ. ಸರ್ಕಾರಿ ಹೈಸ್ಕೂಲಿನಲ್ಲಿ ಶಿಕ್ಷಕರ ಹುದ್ದೆಗಳು ವಿಷಯವಾರು: ಕನ್ನಡ, ಇಂಗ್ಲಿಷ್, ಹಿಂದಿ, ಸಮಾಜ ವಿಜ್ಞಾನಕ್ಕೆ ಕಲಾ ಶಿಕ್ಷಕರು, ಪಿಸಿಎಂ (ಭೌತ, ರಸಾಯನ, ಗಣಿತ), ಸಿಬಿಝಡ್ (ರಸಾಯನ, ಸಸ್ಯ, ಪ್ರಾಣಿಶಾಸ್ತ್ರ), ಜತೆಗೆ ದೈಹಿಕ ಶಿಕ್ಷಣ. ಚಿಕ್ಕ ಶಾಲೆಯಲ್ಲಿ ಒಂದೊಂದು ವಿಷಯಕ್ಕೆ ಒಬ್ಬೊಬ್ಬರೇ. ಪಿಸಿಎಂ ಮಾಸ್ತರು ಮೂರೂ ತರಗತಿಯ ಗಣಿತದ ಜೊತೆಗೆ ಭೌತವಿಜ್ಞಾನದ ಭಾಗವನ್ನೂ ನೋಡಬೇಕು. ಅವರು ವರ್ಗಾವಣೆಯಾದರೆ ಒಂದು ತರಗತಿಯದಲ್ಲ, ಇಡೀ ಶಾಲೆಯ ಗಣಿತವೇ ನಿಲ್ಲುತ್ತದೆ. ಸಮಾಜ ವಿಜ್ಞಾನದ ಹುದ್ದೆ ಖಾಲಿ ಇದ್ದರೆ ಕನ್ನಡದ ಮೇಷ್ಟ್ರು ಹೇಗೋ ಪಾಠ ಮುಗಿಸಿಯಾರು. ಗಣಿತದಲ್ಲಿ ಹಾಗೆ ತೇಪೆ ಹಚ್ಚಲು ಬರುವುದಿಲ್ಲ.

ಖಾಲಿ ಹುದ್ದೆಗೆ ಅತಿಥಿ ಶಿಕ್ಷಕರು ಬರುತ್ತಾರೆ. ಅವರಲ್ಲಿ ಬಹಳ ಜನ ಕಾಯಂ ಶಿಕ್ಷಕರಷ್ಟೇ ಓದಿದವರು, ಅಷ್ಟೇ ಕಷ್ಟಪಡುವವರು. ತೊಂದರೆ ವ್ಯಕ್ತಿಯದಲ್ಲ, ಕ್ಯಾಲೆಂಡರಿನದು. ಶಾಲೆ ಶುರುವಾಗುವುದು ಮೇ ಕೊನೆ, ಜೂನ್ ಮೊದಲ ದಿನಗಳಲ್ಲಿ. ಅತಿಥಿ ಶಿಕ್ಷಕರ ಮಂಜೂರಾತಿ ಬಂದು, ಅರ್ಜಿ ಕರೆದು, ಅವರು ತರಗತಿಗೆ ಕಾಲಿಡುವಷ್ಟರಲ್ಲಿ ವಾರಗಳು ಕಳೆದಿರುತ್ತವೆ. ಹಾಗೆ ಕಳೆದದ್ದು ವರ್ಷದ ಅತಿ ಮುಖ್ಯ ವಾರಗಳು, ಅಂದರೆ ಸೇತುಬಂಧದ ದಿನಗಳು. ಹಿಂದಿನ ತರಗತಿಯಲ್ಲಿ ಏನು ಉಳಿದಿದೆ ಎಂದು ಪೂರ್ವ ಪರೀಕ್ಷೆ ಮಾಡಿ, ಬಿಟ್ಟದ್ದನ್ನು ಕಲಿಸಿ, ಮತ್ತೆ ಪರೀಕ್ಷೆ ಮಾಡುವುದು ಈ ಕಾರ್ಯಕ್ರಮ. ಗಣಿತದವರೇ ಇಲ್ಲದಾಗ ಅದು ಕಾಗದದ ಮೇಲೆ ಮಾತ್ರ ನಡೆಯುತ್ತದೆ.

ಎಂಟನೇತ್ತೆಯಲ್ಲಿ ಮಗು ಎಡವುವುದು ಬೀಜಗಣಿತದಲ್ಲಿ ಎಂದು ಕಾಣುತ್ತದೆ. ನಿಜವಾಗಿ ಎಡವಿದ್ದು ಐದು-ಆರನೇತ್ತೆಯಲ್ಲೇ. ಮನೆಯಲ್ಲಿ ಎರಡು ಲೆಕ್ಕ ಕೊಟ್ಟು ನೋಡಿ. 3/4ಕ್ಕೆ 2/5 ಕೂಡಿಸಲು ಹೇಳಿ. ಉತ್ತರ 5/9 ಎಂದು ಬಂದರೆ ಮಗು ಮೇಲಿನದನ್ನು ಮೇಲಿನದಕ್ಕೆ, ಕೆಳಗಿನದನ್ನು ಕೆಳಗಿನದಕ್ಕೆ ಕೂಡಿಸುತ್ತಿದೆ. ಸರಿಯಾದದ್ದು 23/20. ಆಮೇಲೆ ಮೈನಸ್ 7ಕ್ಕೆ 4 ಕೂಡಿಸಲು ಹೇಳಿ. ಮೈನಸ್ 11 ಎಂದರೆ ಋಣಸಂಖ್ಯೆ ತಲೆಗೆ ಹೋಗಿಲ್ಲ. ಇವೆರಡೂ ತಪ್ಪಿದರೆ ಜೂನ್‌ನಲ್ಲೇ ಗಣಿತದ ಶಿಕ್ಷಕರನ್ನು ಕಂಡು, ಸೇತುಬಂಧದ ಪೂರ್ವ ಪರೀಕ್ಷೆಯ ಹಾಳೆ ತೋರಿಸಲು ಕೇಳಿ. ಕೇಳಿದರೆ ತೋರಿಸುತ್ತಾರೆ, ಕೇಳುವವರು ಇಲ್ಲ ಅಷ್ಟೇ. ಸಮೀಕರಣ, ಬಹುಪದೋಕ್ತಿ, ಹತ್ತನೇತ್ತೆಯ ಸಮಾಂತರ ಶ್ರೇಢಿ, ವರ್ಗಸಮೀಕರಣ ಎಲ್ಲವೂ ಈ ಎರಡರ ಮೇಲೇ ನಿಂತಿವೆ.

ಕೆಲವು ಹಿರಿಯ ಪ್ರಾಥಮಿಕ ಶಾಲೆಗಳಲ್ಲಿ ಎಂಟನೇ ತರಗತಿಯೂ ಇದೆ. ಪರಿಚಯದ ಶಾಲೆ ಎಂದು ಅಲ್ಲೇ ಇನ್ನೊಂದು ವರ್ಷ ಉಳಿಸುವವರಿದ್ದಾರೆ. ಪಕ್ಕದ ಹೈಸ್ಕೂಲಿನಲ್ಲಿ ಪಿಸಿಎಂ, ಸಿಬಿಝಡ್ ಇಬ್ಬರೂ ಇದ್ದರೆ ಎಂಟಕ್ಕೇ ಅಲ್ಲಿಗೆ ಹಚ್ಚುವುದು ಮೇಲು. ಒಂಬತ್ತಕ್ಕೆ ಹೊಸದಾಗಿ ಸೇರಿದ ಮಗುವಿಗೆ ಶಾಲೆಗೆ ಹೊಂದಿಕೊಳ್ಳುವುದೂ ದಪ್ಪ ಪುಸ್ತಕಕ್ಕೆ ಹೊಂದಿಕೊಳ್ಳುವುದೂ ಒಟ್ಟಿಗೇ ಬರುತ್ತವೆ.

ಮಾಧ್ಯಮದ ವಿಷಯದಲ್ಲಿ ಭಯ ಜಾಸ್ತಿ, ಕಾರಣ ಕಡಿಮೆ. ಕರ್ನಾಟಕದ ಒಂಬತ್ತು-ಹತ್ತನೇ ತರಗತಿಯ ಗಣಿತ, ವಿಜ್ಞಾನ ಪುಸ್ತಕಗಳು ಎನ್‌ಸಿಇಆರ್‌ಟಿಯವೇ, ಕನ್ನಡಕ್ಕೆ ಬಂದವು. ಪಿಯು ವಿಜ್ಞಾನಕ್ಕೆ ಹೋದಾಗ ಕನ್ನಡ ಮಾಧ್ಯಮದ ಮಗುವನ್ನು ಮೊದಲ ಮೂರು ತಿಂಗಳು ಕಾಡುವುದು ವಿಷಯವಲ್ಲ, ಹೆಸರುಗಳು. ಹತ್ತನೇತ್ತೆಯಲ್ಲಿ 100 ಪುಟದ ಒಂದು ನೋಟ್‌ಬುಕ್ ಇದಕ್ಕೆ ಸಾಕು. ಎಡಗಡೆ ವಕ್ರೀಭವನ, ಬಲಗಡೆ ರಿಫ್ರ್ಯಾಕ್ಷನ್; ದ್ಯುತಿಸಂಶ್ಲೇಷಣೆಯ ಎದುರು ಫೋಟೋಸಿಂಥೆಸಿಸ್; ವರ್ಗಸಮೀಕರಣದ ಎದುರು ಕ್ವಾಡ್ರ್ಯಾಟಿಕ್ ಈಕ್ವೇಶನ್. ಪಾಠ ನಡೆದ ದಿನವೇ ಬರೆಯಬೇಕು. ಎರಡೂ ಮಾಧ್ಯಮದ ಪುಸ್ತಕಗಳು ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಪುಕ್ಕಟೆ ಇವೆ. ಅಧ್ಯಾಯದ ಸಂಖ್ಯೆ ಒಂದೇ ಆದ್ದರಿಂದ ಪಕ್ಕಪಕ್ಕ ಇಟ್ಟು ಓದಬಹುದು.

ಇನ್ನು ಎಸ್ಸೆಸ್ಸೆಲ್ಸಿ ಫಲಿತಾಂಶ. ಶಾಲೆಯ ಫಲಕದ ಮೇಲೆ ಬರೆದ ಶೇಕಡಾ ನೋಡಿ ನಿರ್ಧರಿಸುವವರು 2024ರ ಮೊದಲಿನದನ್ನೂ ಆಮೇಲಿನದನ್ನೂ ಬೇರೆ ಮಾಡಿ ನೋಡಬೇಕು. 2024ರಿಂದ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂತು. 2023ರಲ್ಲಿ ಶೇ 83.89 ಇದ್ದ ರಾಜ್ಯದ ಫಲಿತಾಂಶ 2024ರಲ್ಲಿ ಹೆಚ್ಚುವರಿ ಕೃಪಾಂಕ ಕೊಟ್ಟ ಮೇಲೂ ಶೇ 73.40ಕ್ಕೆ ಇಳಿಯಿತು. ಹಾಗಾಗಿ 2022ರಲ್ಲಿ ನೂರಕ್ಕೆ ನೂರು ತಂದ ಶಾಲೆಗಿಂತ ಕ್ಯಾಮೆರಾ ಬಂದ ಮೇಲೂ ಶೇ 75 ಉಳಿಸಿಕೊಂಡ ಶಾಲೆಯನ್ನು ನಂಬಬಹುದು. ಶೇಕಡಾಕ್ಕಿಂತ ಮುಖ್ಯ ಇನ್ನೊಂದಿದೆ: ಗಣಿತದಲ್ಲಿ ಎಷ್ಟು ಮಕ್ಕಳು 60 ದಾಟಿದರು? ಕಡಿಮೆ ಅಂಕದ ಮಕ್ಕಳಿಗಾಗಿ ಶಾಲೆಗಳು ಪಾಸಿಂಗ್ ಪ್ಯಾಕೇಜ್ ಮಾಡಿಸುತ್ತವೆ. ಥೇಲ್ಸ್ ಪ್ರಮೇಯ, ನಕ್ಷೆಯ ಲೆಕ್ಕ, ಹೃದಯದ ಚಿತ್ರ ಹೀಗೆ ಬಂದೇ ಬರುವಂಥವನ್ನು ಹೇಳಿ ಹೇಳಿ ಬರೆಸುವುದು. ಪಾಸಾಗಲು ಅದು ಒಳ್ಳೆಯ ಉಪಾಯ, ಅದರಿಂದ ದಡ ಸೇರಿದ ಮಕ್ಕಳು ಬಹಳ. ಆದರೆ ಎಲ್ಲ ಮಕ್ಕಳಿಗೂ ಜನವರಿಯಿಂದ ಅದೊಂದನ್ನೇ ಮಾಡಿಸುವ ಶಾಲೆಯಲ್ಲಿ ಜಾಣ ಮಗು ಬಡವಾಗುತ್ತದೆ.

ಪ್ರಥಮ ಭಾಷೆ ಬಿಟ್ಟು ಉಳಿದ ವಿಷಯಗಳಲ್ಲಿ 80 ಅಂಕ ಲಿಖಿತ, 20 ಆಂತರಿಕ. ಪ್ರಥಮ ಭಾಷೆಗೆ 100 ಮತ್ತು 25. ಆಂತರಿಕ ಅಂಕ ವರ್ಷದ ನಾಲ್ಕು ರೂಪಣಾತ್ಮಕ ಮೌಲ್ಯಮಾಪನಗಳಿಂದ ಬರುತ್ತದೆ, ಕೊನೆಯಲ್ಲಿ ಗಳಿಸಲು ಆಗುವುದಿಲ್ಲ. ಪರೀಕ್ಷೆಗೆ ಕೂರಲು ಶೇ 75 ಹಾಜರಿ ಬೇಕು. ಕುಂದಗೋಳ, ನವಲಗುಂದ, ಅಣ್ಣಿಗೇರಿ ಕಡೆ ಹೊಲ ಇರುವ ಮನೆಗಳಲ್ಲಿ ಹತ್ತಿ ಬಿಡಿಸಲು, ಮೆಣಸಿನಕಾಯಿ ಹರಿಯಲು ಮಕ್ಕಳನ್ನು ವಾರಗಟ್ಟಲೆ ಒಯ್ಯುವುದುಂಟು. ಮೌಲ್ಯಮಾಪನದ ದಿನಾಂಕ ಕೇಳಿಕೊಂಡು, ಆ ದಿನವಾದರೂ ಶಾಲೆಗೆ ಕಳಿಸಿ. ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಅವಕಾಶ ಇರುವುದರಿಂದ ಒಂದರಲ್ಲಿ ಹೋಯಿತೆಂದು ವರ್ಷ ಹಾಳಾಗುವುದಿಲ್ಲ. ಅಂಕ ಹೆಚ್ಚಿಸಿಕೊಳ್ಳಲೂ ಬರೆಯಬಹುದು, ಹೆಚ್ಚು ಬಂದದ್ದೇ ಉಳಿಯುತ್ತದೆ.

ಊಟ ಚೆನ್ನಾಗಿದೆ. ಅವಳಿ ನಗರದ ಬಹಳಷ್ಟು ಶಾಲೆಗಳಿಗೆ ರಾಯಾಪುರದ ಅಕ್ಷಯಪಾತ್ರೆ ಅಡುಗೆಮನೆಯಿಂದ ಬರುತ್ತದೆ. ಸ್ವಚ್ಛತೆಯಲ್ಲಿ, ಸಮಯದಲ್ಲಿ ಅಷ್ಟು ದೊಡ್ಡ ಪ್ರಮಾಣದ ಅಡುಗೆಗೆ ಹೆಸರಿಡಲು ಆಗುವುದಿಲ್ಲ. ಉಳ್ಳಾಗಡ್ಡಿ, ಬಳ್ಳೊಳ್ಳಿ ಹಾಕುವುದಿಲ್ಲ. ಜೋಳದ ರೊಟ್ಟಿ, ಖಾರಬ್ಯಾಳಿ ಉಂಡು ಬೆಳೆದ ಮಗು ಮೊದಲ ತಿಂಗಳು ಅನ್ನ ಬಿಡುವುದಕ್ಕೆ ಇದೇ ಕಾರಣ. ಮನೆಯಿಂದ ಒಂದು ಡಬ್ಬಿ ಶೇಂಗಾ ಚಟ್ನಿ ಕಳಿಸಿದರೆ ತಟ್ಟೆ ಖಾಲಿಯಾಗುತ್ತದೆ. ಆರರಿಂದ ಎಂಟನೇ ತರಗತಿಯ ಮಗುವಿಗೆ ಲೆಕ್ಕದಲ್ಲಿ 150 ಗ್ರಾಂ ಧಾನ್ಯ, 30 ಗ್ರಾಂ ಬೇಳೆ, 75 ಗ್ರಾಂ ತರಕಾರಿ. ಕ್ಷೀರಭಾಗ್ಯದ ಹಾಲು 18 ಗ್ರಾಂ ಪುಡಿಯಿಂದ 150 ಮಿಲಿ. ಹಾಲು ನೀರುನೀರಾಗಿದ್ದರೆ ಅಳತೆ ತಪ್ಪಿದೆ ಎಂದೇ ಅರ್ಥ. ಮೊಟ್ಟೆ ಶಾಲೆಯಲ್ಲೇ ಬೇಯಬೇಕು, ತಿನ್ನದವರಿಗೆ ಬಾಳೆಹಣ್ಣು. ಬಡಿಸುವ ಮೊದಲು ಶಿಕ್ಷಕರು ರುಚಿ ನೋಡಿ ವಹಿಯಲ್ಲಿ ಬರೆಯಬೇಕೆಂಬ ನಿಯಮವಿದೆ. ಆ ವಹಿ ದಿನದಿನಕ್ಕೆ ತುಂಬಿದೆಯೋ, ವಾರದ್ದೆಲ್ಲ ಒಂದೇ ಶಾಯಿಯಲ್ಲಿದೆಯೋ ಎಂದು ನೋಡಿದರೆ ಶಾಲೆಯ ಶಿಸ್ತು ತಿಳಿಯುತ್ತದೆ.

ಕಟ್ಟಡಕ್ಕೆ ಎರಡೇ ಮಾತು. ಗದಗ ರಸ್ತೆ, ಕುಸುಗಲ್ ಕಡೆಯ ಎರೆ ಮಣ್ಣು ಮಳೆಗೆ ಉಬ್ಬಿ ಬ್ಯಾಸಿಗೆಗೆ ಕುಗ್ಗುತ್ತದೆ. ಅಡಿಪಾಯ ಆಳವಿಲ್ಲದ ಕೊಠಡಿಯಲ್ಲಿ ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಏಳುತ್ತದೆ, ಬಾಗಿಲು ಹಿಡಿಯುತ್ತದೆ. ಗಿಲಾಯಿಯ ಕೂದಲೆಳೆ ಬಿರುಕಿಗೆ ಹೆದರಬೇಡಿ. ಬೆರಳು ಹೋಗುವಷ್ಟು ಓರೆ ಬಿರುಕಿದ್ದ ಕೊಠಡಿಯಲ್ಲಿ ಮಕ್ಕಳನ್ನು ಕೂರಿಸಿದ್ದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಲಿಖಿತವಾಗಿ ಕೊಡಿ, ಸ್ವೀಕೃತಿ ತಗೊಳ್ಳಿ. ಅದೇ ಮಣ್ಣಿನ ಮೈದಾನ ಜುಲೈನಿಂದ ಸೆಪ್ಟೆಂಬರ್‌ವರೆಗೆ ರಾಡಿ; ಖೋಖೋ, ಕಬಡ್ಡಿ ಅಭ್ಯಾಸ ಆಗ ನಿಲ್ಲುತ್ತದೆ.

ಶೌಚಾಲಯದಲ್ಲಿ ಈ ಶಾಲೆಗಳು ನಿಜವಾಗಿ ಸೋಲುತ್ತವೆ, ಇದನ್ನು ಮುಚ್ಚಿಡುವುದು ತಪ್ಪು. 40 ಮಕ್ಕಳಿಗೆ ಒಂದು ಎಂಬ ಲೆಕ್ಕದಲ್ಲಿ ಕೋಣೆಗಳಿರಬಹುದು. ನೀರಿನ ಲೆಕ್ಕ ಹೊಂದುವುದಿಲ್ಲ. ಮಗುವಿಗೆ ದಿನಕ್ಕೆ 10 ಲೀಟರ್ ಎಂದು ಕೈಬಿಗಿ ಹಿಡಿದರೂ 300 ಮಕ್ಕಳಿಗೆ 3,000 ಲೀಟರ್ ಬೇಕು. ಮಾಳಿಗೆಯ ಮೇಲಿರುವುದು 1,000 ಲೀಟರಿನ ಒಂದೇ ಟಾಕಿ ಆಗಿದ್ದು, ನಲ್ಲಿ ನೀರು ಕೆಲವು ದಿನಕ್ಕೊಮ್ಮೆ ಬರುವ ಬಡಾವಣೆ ಆಗಿದ್ದರೆ ಮಧ್ಯಾಹ್ನದ ಹೊತ್ತಿಗೆ ಬಕೆಟ್ ಖಾಲಿ. ಹೆಣ್ಣುಮಕ್ಕಳು ನೀರು ಕುಡಿಯುವುದನ್ನೇ ಬಿಡುತ್ತಾರೆ, ಮುಟ್ಟಿನ ದಿನ ಶಾಲೆ ತಪ್ಪಿಸುತ್ತಾರೆ. ಹಾಜರಿ ಬೀಳುವುದು ಇಲ್ಲಿಂದ. ಪಾಲಕರು ಕೂಡಿ ಏನಾದರೂ ಕೊಡುವುದಿದ್ದರೆ ಸ್ಮಾರ್ಟ್ ಟಿವಿಗಿಂತ ಮೊದಲು ನೆಲದ ಸಂಪು, ಒಂದು ಮೋಟಾರು, ಮುಚ್ಚಳವಿರುವ ಕಸದ ಡಬ್ಬಿ ಕೊಡಿಸಿ. ಕೊಟ್ಟದ್ದಕ್ಕೆ ಶಾಲೆಯ ಹೆಸರಿನ ರಸೀದಿ ಪಡೆಯಿರಿ.

ಕಾಗದಪತ್ರ. ಎಲ್‌ಸಿ, ಸ್ಯಾಟ್ಸ್ ಸಂಖ್ಯೆ (ಇಲಾಖೆಯ ಕಂಪ್ಯೂಟರಿನಲ್ಲಿ ಮಗುವಿನ ದಾಖಲೆಯ ಸಂಖ್ಯೆ), ಆಧಾರ್, ಜಾತಿ-ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ, ಮಗುವಿನ ಹೆಸರಿನ ಬ್ಯಾಂಕ್ ಪಾಸ್‌ಬುಕ್, ಫೋಟೋ. ಇವಿಷ್ಟು ಇದ್ದರೆ ಪ್ರವೇಶ ಅರ್ಧ ಗಂಟೆಯ ಕೆಲಸ. ತೊಡಕು ನಮ್ಮ ಕಡೆಯ ಹೆಸರುಗಳಲ್ಲಿದೆ. ಎಲ್‌ಸಿಯಲ್ಲಿ ಮಂಜುನಾಥ ಯಲ್ಲಪ್ಪ ಬಡಿಗೇರ, ಆಧಾರಿನಲ್ಲಿ ಬರೀ ಮಂಜುನಾಥ ಬಡಿಗೇರ, ಬ್ಯಾಂಕಿನಲ್ಲಿ ಇಂಗ್ಲಿಷಿನ ಕೊನೆಗೆ ಒಂದು ಎ ಹೆಚ್ಚು. ಮೂರೂ ಬೇರೆ ಬೇರೆ ವ್ಯಕ್ತಿ ಎಂದು ಕಂಪ್ಯೂಟರ್ ತಿಳಿಯುತ್ತದೆ. ಎಸ್ಸೆಸ್ಸೆಲ್ಸಿ ನೋಂದಣಿಗೆ ವಿವರ ಹೋಗುವುದು ಸ್ಯಾಟ್ಸ್‌ನಿಂದಲೇ. ಹಾಗಾಗಿ ತಿದ್ದುವುದಿದ್ದರೆ ಎಂಟನೇತ್ತೆಯಲ್ಲೇ ತಿದ್ದಿಸಿ. ಶಾಲೆಯ ದಾಖಲೆ ಸರಿ ಇದ್ದರೆ ಆಧಾರನ್ನು ಅದಕ್ಕೆ ಹೊಂದಿಸುವುದು ಸುಲಭದ ದಾರಿ. ಜನ್ಮ ದಿನಾಂಕದ ತಪ್ಪಿಗೆ ಕೋರ್ಟಿನವರೆಗೂ ಹೋಗಬೇಕಾಗಬಹುದು. ಅಂಕಪಟ್ಟಿ ಮುದ್ರಣವಾದ ಮೇಲೆ ಎಲ್ಲವೂ ಮೂರು ಪಟ್ಟು ಕಷ್ಟ.

ವಿದ್ಯಾರ್ಥಿವೇತನ ಮಂಜೂರಾಗಿದೆ, ಖಾತೆಗೆ ಬಂದಿಲ್ಲ ಎಂಬ ದೂರು ಎಲ್ಲ ಶಾಲೆಯಲ್ಲೂ ಇದೆ. ಎಷ್ಟೋ ಸಲ ಹಣ ಬಂದಿರುತ್ತದೆ, ಬೇರೆ ಖಾತೆಗೆ. ಆಧಾರ್ ಆಧಾರಿತ ಪಾವತಿಯಲ್ಲಿ ನೀವು ಬರೆದುಕೊಟ್ಟ ಖಾತೆಗಲ್ಲ, ಕೊನೆಯ ಸಲ ಆಧಾರ್ ಜೋಡಿಸಿದ ಬ್ಯಾಂಕಿನ ಖಾತೆಗೆ ಹಣ ಹೋಗುತ್ತದೆ. ಯಾವ ಬ್ಯಾಂಕ್ ಜೋಡಣೆಯಾಗಿದೆ ಎಂದು ಮೊದಲು ನೋಡಿಸಿ, ಬೇಡವಾದದ್ದಿದ್ದರೆ ಬೇಕಾದ ಬ್ಯಾಂಕಿನಲ್ಲಿ ಒಪ್ಪಿಗೆ ಫಾರ್ಮ್ ಕೊಟ್ಟು ಬದಲಿಸಿಕೊಳ್ಳಿ. ಕಾರಕೂನರ ಮೇಲೆ ಹರಿಹಾಯ್ದು ಪ್ರಯೋಜನವಿಲ್ಲ.

ಸರ್ಕಾರಿ ಮತ್ತು ಅನುದಾನಿತ ಶಾಲೆಯ ಮಕ್ಕಳಿಗೇ ಮೀಸಲಾದ, ಆದರೆ ಬಹಳ ಪಾಲಕರಿಗೆ ಗೊತ್ತಿಲ್ಲದ ಒಂದು ಸೌಲಭ್ಯವೆಂದರೆ ವಿದ್ಯಾರ್ಥಿವೇತನ ಕೊಡುವ ಎನ್‌ಎಂಎಂಎಸ್ ಪರೀಕ್ಷೆ. ಎಂಟನೇತ್ತೆಯಲ್ಲಿ ಬರೆಯಬೇಕು. ಮನೆಯ ವಾರ್ಷಿಕ ಆದಾಯ 3.5 ಲಕ್ಷ ರೂಪಾಯಿ ಮೀರಿರಬಾರದು, ಏಳನೇತ್ತೆಯಲ್ಲಿ ಶೇ 55 ಇರಬೇಕು. ಪರಿಶಿಷ್ಟ ಮಕ್ಕಳಿಗೆ ಶೇ 50. ಬುದ್ಧಿಶಕ್ತಿಯ 90 ಪ್ರಶ್ನೆ, ಪಠ್ಯದ 90 ಪ್ರಶ್ನೆ, ಒಂದೊಂದಕ್ಕೆ 90 ನಿಮಿಷ. ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡನೇ ತರಗತಿವರೆಗೆ ವರ್ಷಕ್ಕೆ 12,000, ಒಟ್ಟು 48,000 ರೂಪಾಯಿ. ಖಾಸಗಿ ಶಾಲೆಗೆ ಹೋದ ಮಗುವಿಗೆ ಇದು ಇಲ್ಲ. ಮಕ್ಕಳು ಸೋಲುವುದು ಸಮಯದಲ್ಲಿ: ಪ್ರಶ್ನೆಗೆ ಒಂದೇ ನಿಮಿಷ. ಜುಲೈನಿಂದ ದಿನಕ್ಕೆ 15 ಬುದ್ಧಿಶಕ್ತಿ ಪ್ರಶ್ನೆಗಳನ್ನು ಗಡಿಯಾರ ಇಟ್ಟು ಮಾಡಿಸುವ ಶಿಕ್ಷಕರಿದ್ದ ಶಾಲೆಯಲ್ಲಿ ಆಯ್ಕೆ ಕಾಣುತ್ತದೆ. ಆಯ್ಕೆಯಾದ ಮೇಲೆ ಪ್ರತಿ ವರ್ಷ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ನವೀಕರಣ ಮರೆತರೆ ಗೆದ್ದದ್ದು ಕೈತಪ್ಪುತ್ತದೆ. ಪಿಯುಗೆ ಬೇರೆ ಕಾಲೇಜು ಸೇರಿದ ವರ್ಷ ಮರೆಯುವವರು ಹೆಚ್ಚು.

ಊರಂಚಿನವರು ತಪ್ಪು ತಿಳಿದುಕೊಂಡಿರುವುದು ಗ್ರಾಮೀಣ ಪ್ರಮಾಣಪತ್ರದ ವಿಷಯ. ಸುತ್ತ ಹೊಲ ಕಾಣುತ್ತದೆಂದು ಶಾಲೆ ಗ್ರಾಮೀಣ ಆಗುವುದಿಲ್ಲ. ವೃತ್ತಿಶಿಕ್ಷಣ ಪ್ರವೇಶದ ಸಿಇಟಿಯ ಶೇ 15 ಗ್ರಾಮೀಣ ಮೀಸಲಿಗೆ ಒಂದರಿಂದ ಹತ್ತನೇ ತರಗತಿವರೆಗೆ ಪೂರಾ 10 ವರ್ಷ ನಗರ ಮಿತಿಯ ಹೊರಗೆ ಓದಿರಬೇಕು. ಉಣಕಲ್, ಅಮರಗೋಳ, ನವನಗರ, ರಾಯಾಪುರ, ಸತ್ತೂರು ಎಲ್ಲ ಪಾಲಿಕೆಯ ಒಳಗೇ. ಹಳ್ಳಿಯಲ್ಲಿ ಏಳು ವರ್ಷ ಓದಿದ ಮಗುವನ್ನು ಎಂಟಕ್ಕೆ ಇಲ್ಲಿಗೆ ತಂದರೆ ಆ ಮೀಸಲು ಹೋಯಿತು. ತರುವ ಮೊದಲು ಇದನ್ನು ತೂಗಿ ನೋಡಿ. ಶೇ 5ರ ಕನ್ನಡ ಮಾಧ್ಯಮ ಮೀಸಲಿಗೆ ಊರು ಯಾವುದಾದರೂ ನಡೆಯುತ್ತದೆ, 10 ವರ್ಷ ಕನ್ನಡದಲ್ಲಿ ಓದಿರಬೇಕು. ಎರಡಕ್ಕೂ ಮುಖ್ಯ ಶಿಕ್ಷಕರ ಸಹಿ, ಬಿಇಒ ಮೇಲುರುಜು ಬೇಕು. ಗದಗಿಗೆ ಅಂಟಿಕೊಂಡೇ ಕೊಪ್ಪಳ ಇದ್ದರೂ ಕಲ್ಯಾಣ ಕರ್ನಾಟಕದವರಿಗಿರುವ 371ಜೆ ಮೀಸಲಿನ ಸೌಲಭ್ಯ ಧಾರವಾಡ, ಗದಗ, ಹಾವೇರಿ ಜಿಲ್ಲೆಗಳಿಗೆ ಇಲ್ಲ, ಇದನ್ನೂ ಕೇಳುವವರಿದ್ದಾರೆ.

ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸಿನ ದಾರಿಯಲ್ಲಿರುವ ಶಾಲೆಗಳಿಗೆ ಹೋಗಿಬರುವುದು ಸಲೀಸು. ನಿಲ್ದಾಣ ರಸ್ತೆಯ ನಡುವೆ ಇರುವುದರಿಂದ ಸಿಗ್ನಲ್ ಇದ್ದಲ್ಲೇ ದಾಟುವುದನ್ನು ಮೊದಲ ವಾರ ಜೊತೆಗೆ ಹೋಗಿ ಕಲಿಸಿ. ಪ್ರತ್ಯೇಕ ಪಥದಲ್ಲಿ ಬಸ್ಸು ವೇಗವಾಗಿ ಬರುತ್ತದೆ. ವಿದ್ಯಾರ್ಥಿ ಪಾಸಿಗೆ ಸೇವಾಸಿಂಧುವಿನಲ್ಲಿ ಅರ್ಜಿ.

ನವನಗರ, ವಿದ್ಯಾನಗರ, ಕೇಶ್ವಾಪುರದ ಎಷ್ಟೋ ಮನೆಗಳ ಮಕ್ಕಳು ಈಗ ಅಮೆರಿಕದ ಉಪನಗರಗಳಲ್ಲಿದ್ದಾರೆ. ಮೊಮ್ಮಕ್ಕಳು ಅಲ್ಲಿ ಸರ್ಕಾರಿ ಹೈಸ್ಕೂಲಿಗೇ ಹೋಗುತ್ತಾರೆ, ಒಂಬತ್ತರಿಂದ ಹನ್ನೆರಡರವರೆಗೆ, ಫೀ ಇಲ್ಲದೆ. ಅಲ್ಲಿ ಮನೆ ಕೊಳ್ಳುವ ಮೊದಲು ಆ ಬೀದಿ ಯಾವ ಶಾಲೆಯ ಗಡಿಗೆ ಬರುತ್ತದೆ ಎಂದು ನೋಡುತ್ತಾರೆ. ಶಾಲೆಯ ಖರ್ಚಿನ ದೊಡ್ಡ ಪಾಲು ಆ ಊರಿನ ಆಸ್ತಿ ತೆರಿಗೆಯಿಂದಲೇ ಬರುತ್ತದೆ, ಶಾಲಾ ಮಂಡಳಿಗೆ ಬಹುತೇಕ ಕಡೆ ಊರವರೇ ಮತ ಹಾಕುತ್ತಾರೆ. ಶಾಲೆ ಕೆಟ್ಟರೆ ಮನೆಯ ಬೆಲೆಯೂ ಬೀಳುತ್ತದೆ ಎಂಬ ಹೆದರಿಕೆ ಮಕ್ಕಳಿಲ್ಲದವರಿಗೂ ಇದೆ. ಆ ವ್ಯವಸ್ಥೆಯಲ್ಲಿ ಬಡ ಊರಿಗೆ ಬಡ ಶಾಲೆ ಎಂಬ ಅನ್ಯಾಯವೂ ಇದೆ. ನಮ್ಮಲ್ಲಿ ಸಂಬಳ ರಾಜ್ಯದ ಬೊಕ್ಕಸದಿಂದ, ಆದ್ದರಿಂದ ಪ್ಲಾಟಿನ ಬೆಲೆಗೂ ಪಕ್ಕದ ಶಾಲೆಗೂ ಸಂಬಂಧವಿಲ್ಲ. ಹೊಸ ಬಡಾವಣೆಯ ಮನೆಗಳ ಮುಂದೆ ಬೆಳಿಗ್ಗೆ ಖಾಸಗಿ ಶಾಲೆಯ ಹಳದಿ ವ್ಯಾನ್ ನಿಲ್ಲುತ್ತದೆ. ಎದುರಿಗಿರುವ ಸರ್ಕಾರಿ ಹೈಸ್ಕೂಲಿಗೆ ಬರುವುದು ಕಟ್ಟಡ ಕೆಲಸದವರ, ಮನೆಗೆಲಸದವರ, ಹಳೆಯ ಊರಿನವರ ಮಕ್ಕಳು. ಓದಿ ನೌಕರಿ ಮಾಡುವ ಪಾಲಕರು ಒಬ್ಬರೂ ಪಾಲಕರ ಸಭೆಯಲ್ಲಿ ಇಲ್ಲದಾಗ ಖಾಲಿ ಹುದ್ದೆಯ ಬಗ್ಗೆ ಅರ್ಜಿ ಬರೆಯುವವರು ಯಾರು? ಹತ್ತು ಮನೆಯವರು ಸಹಿ ಮಾಡಿ ಡಿಡಿಪಿಐ (ಜಿಲ್ಲೆಯ ಶಿಕ್ಷಣ ಉಪನಿರ್ದೇಶಕರ) ಕಚೇರಿಗೆ ಕೊಟ್ಟರೆ ಕಡತ ಅಲುಗಾಡುತ್ತದೆ. ಶಾಲಾ ಶಿಕ್ಷಣ ಇಲಾಖೆಯ ಅಪರ ಆಯುಕ್ತರ ಕಚೇರಿಯೇ ಧಾರವಾಡದಲ್ಲಿದೆ, ಬೆಂಗಳೂರಿಗೆ ಓಡಬೇಕಿಲ್ಲ.

ನೋಡಲು ಹೋಗುವುದಾದರೆ ರಾಷ್ಟ್ರೀಯ ಹಬ್ಬದ ದಿನ ಬೇಡ. ಫೆಬ್ರುವರಿಯ ಒಂದು ಸಾದಾ ದಿನ ಮಧ್ಯಾಹ್ನ ಊಟವಾದ ಮೇಲಿನ ಮೊದಲ ಪಿರಿಯಡ್‌ಗೆ ಹೋಗಿ. ಎಂಟನೇತ್ತೆಯಲ್ಲಿ ಪಾಠ ನಡೆದಿದೆಯೇ ನೋಡಿ. ಹತ್ತನೇತ್ತೆಗೆ ಎಲ್ಲ ಶಾಲೆಗಳೂ ಗಮನ ಕೊಡುತ್ತವೆ, ಎಂಟಕ್ಕೆ ಕೊಡುವ ಶಾಲೆಯೇ ಒಳ್ಳೆಯ ಶಾಲೆ. ಕಚೇರಿಯ ಗೋಡೆಯ ವೇಳಾಪಟ್ಟಿಯಲ್ಲಿ ಯಾವ ವಿಷಯದ ಎದುರು ಹೆಸರಿಲ್ಲ ಎಂದು ಗುರುತು ಹಾಕಿಕೊಳ್ಳಿ. ಬರುವ ಮೊದಲು ಮುಖ್ಯ ಶಿಕ್ಷಕರನ್ನು ಒಂದು ಕೇಳಿ: ಗಣಿತದ ಶಿಕ್ಷಕರ ನಿವೃತ್ತಿ ಯಾವಾಗ? ಸರ್ಕಾರಿ ಶಿಕ್ಷಕರು ನಿವೃತ್ತರಾಗುವುದು 60ಕ್ಕೆ, ಆ ತಿಂಗಳ ಕೊನೆಯ ದಿನ. ಆ ದಿನ ನಿಮ್ಮ ಮಗುವಿನ ಹತ್ತನೇತ್ತೆಯ ನಡುವೆ ಬೀಳುತ್ತದೆ ಎಂದಾದರೆ ಎರಡು ಕಿಲೋಮೀಟರ್ ಆಚೆಯ ಇನ್ನೊಂದು ಸರ್ಕಾರಿ ಹೈಸ್ಕೂಲನ್ನೂ ನೋಡಿಬನ್ನಿ.